ಬೆಲುಂ ಗುಹೆಗಳು: ಕಡಪ ಕಲ್ಲಿನ ಹೊಟ್ಟೆಯೊಳಗೆ ಒಂದು ನಡಿಗೆ

ನಮ್ಮ ಕಡೆಯ ಹಳೆಯ ಮನೆಗಳ ಅಡುಗೆಕಟ್ಟೆಗೆ ಹಾಸಿರುವ ಕಪ್ಪು ಕಡಪ ಕಲ್ಲಿನ ಮೇಲೆ ಹಿಂಡಿದ ನಿಂಬೆಹೋಳನ್ನು ರಾತ್ರಿಯಿಡೀ ಮರೆತುಬಿಟ್ಟರೆ ಬೆಳಿಗ್ಗೆ ಅಲ್ಲೊಂದು ಮಂಕು ಕಲೆ ಮೂಡಿರುತ್ತದೆ. ಎಷ್ಟು ಉಜ್ಜಿದರೂ ಅದು ಹೋಗುವುದಿಲ್ಲ, ಏಕೆಂದರೆ ಅದು ಅಂಟಿಕೊಂಡ ಕೊಳೆಯಲ್ಲ. ಹುಳಿಗೆ ಕಲ್ಲೇ ಅಷ್ಟು ಕರಗಿ ನುಣುಪು ಕಳೆದುಕೊಂಡ ಜಾಗ. ಆಂಧ್ರಪ್ರದೇಶದ ನಂದ್ಯಾಲ ಜಿಲ್ಲೆಯಲ್ಲಿರುವ ಬೆಲುಂ ಗುಹೆಗಳನ್ನು ನೋಡಿ ಬಂದ ಮೇಲೆ ಆ ಕಲೆಯನ್ನು ಕಂಡಾಗಲೆಲ್ಲ ನನಗೆ ಆ ಗುಹೆಯೇ ನೆನಪಾಗುತ್ತದೆ. ನಿಂಬೆಯ ಬದಲು ಮಳೆನೀರು, ಒಂದು ರಾತ್ರಿಯ ಬದಲು ಲಕ್ಷಾಂತರ ವರ್ಷ, ಬೆರಳಗಲದ ಕಲೆಯ ಬದಲು 3,229 ಮೀಟರ್ ಉದ್ದದ ಸುರಂಗಜಾಲ. ಇದು ಹೋಲಿಕೆಗಾಗಿ ಕಟ್ಟಿದ ಮಾತಲ್ಲ. ಬೆಲುಂ ಗುಹೆ ಕೊರೆದುಕೊಂಡಿರುವುದು ನಾರ್ಜಿ ಸುಣ್ಣಕಲ್ಲು ಎಂದು ಭೂವಿಜ್ಞಾನಿಗಳು ಕರೆಯುವ ಪದರದಲ್ಲಿ, ಮತ್ತು ಕಡಪ ಕಲ್ಲು ಎಂದು ನಾವು ಕೊಂಡುಕೊಳ್ಳುವ ಚಪ್ಪಡಿಗಳ ಮುಖ್ಯ ಮೂಲವೂ ಅದೇ ನಾರ್ಜಿ ಪದರ.

ವಿಮರ್ಶೆಯ ತೀರ್ಮಾನವನ್ನು ಮೊದಲೇ ಹೇಳಿಬಿಡುವುದು ಒಳ್ಳೆಯದು. ಚಾವಣಿಯ ತುಂಬ ಬಿಳಿಯ ಗೊಂಚಲುಗಳಂತೆ ಇಳಿಬಿದ್ದ ಕಲ್ಲುಗಳನ್ನು ಚಿತ್ರಗಳಲ್ಲಿ ನೋಡಿ, ಅದೇ ನಿರೀಕ್ಷೆಯಿಂದ ಇಲ್ಲಿಗೆ ಹೋಗುವವರು ಅರ್ಧ ತೃಪ್ತಿಯೊಂದಿಗೆ ಮಾತ್ರ ಮರಳುತ್ತಾರೆ. ಬೆಲುಂ ಗುಹೆಯ ದೊಡ್ಡ ಸಂಪತ್ತು ನೀರು ಕೊರೆದ ದಾರಿಗಳು. ಹನಿಗಲ್ಲುಗಳು, ಅಂದರೆ ತೊಟ್ಟಿಕ್ಕುವ ನೀರು ಬಿಟ್ಟುಹೋದ ಸುಣ್ಣದಿಂದ ಬೆಳೆದ ಕಲ್ಲುಗಳು, ಇವೆ, ಕೆಲವು ಅಪೂರ್ವವಾಗಿಯೂ ಇವೆ, ಆದರೆ ಅವು ಗುಹೆಯೊಳಗಿನ ಕೋಣೆಯಂತಹ ಕೆಲವೇ ಅಂಕಣಗಳಲ್ಲಿ ಸೇರಿಕೊಂಡಿವೆ ಮತ್ತು ಅವುಗಳ ಮುಂದೆ ನಿಂತು ನೋಡುವುದಕ್ಕೆ ಒಂದಿಷ್ಟು ಸಿದ್ಧತೆ ಬೇಕು. ಆ ಸಿದ್ಧತೆಯಿಲ್ಲದೆ ಹೋದರೆ ಒಂದೂವರೆ ಗಂಟೆ ಬೆವರುತ್ತ ನಡೆದು, ಹೆಡೆಯಂತಿರುವ ಒಂದು ಕಲ್ಲಿನ ಮುಂದೆ ಫೋಟೊ ತೆಗೆಸಿಕೊಂಡು ಹೊರಬಂದಂತಾಗುತ್ತದೆ.

ಗುಹೆಯೆಂದರೆ ಕನ್ನಡಿಗರ ಮನಸ್ಸಿಗೆ ಮೊದಲು ಬರುವುದು ಬಾದಾಮಿ: ಬೆಟ್ಟ, ಮೆಟ್ಟಿಲು, ಬಂಡೆಯ ಮುಖದಲ್ಲಿ ಕಂಬಸಾಲು. ಬೆಲುಂನಲ್ಲಿ ಬೆಟ್ಟವೇ ಇಲ್ಲ. ತಾಡಪತ್ರಿಯಿಂದ ಸುಮಾರು 30 ಕಿಲೋಮೀಟರ್ ದೂರದ ಕೊಲಿಮಿಗುಂಡ್ಲ ಮಂಡಲದಲ್ಲಿ, ಸಮತಟ್ಟಾದ ಹೊಲಗಳ ನಡುವೆ, ದೊಡ್ಡ ಬಾವಿಯಂತಹ ಮೂರು ಕುಳಿಗಳು ಬಾಯಿ ತೆರೆದುಕೊಂಡಿವೆ, ನಡುವಿನದು ಪ್ರವೇಶದ್ವಾರ. ಕೆಳಗಿನ ಟೊಳ್ಳಿನ ಚಾವಣಿ ಕುಸಿದಾಗ ಇಂತಹ ಕುಳಿಗಳು ಉಂಟಾಗುತ್ತವೆ. ಊರಿಗೆ ಆ ಹೆಸರು ಬಂದದ್ದು ಬಿಲ ಎಂಬ ಪದದಿಂದ ಎನ್ನುತ್ತಾರೆ, ಮತ್ತು ಮೆಟ್ಟಿಲ ತುದಿಯಲ್ಲಿ ನಿಂತು ಕೆಳಗೆ ನೋಡಿದವರಿಗೆ ಬೇರೆ ವ್ಯುತ್ಪತ್ತಿ ಬೇಕೆನಿಸುವುದಿಲ್ಲ. ಸುಮಾರು 20 ಮೀಟರ್ ಇಳಿದ ಮೇಲೆ ದಾರಿ ಅಡ್ಡಡ್ಡವಾಗಿ ಸಾಗುತ್ತದೆ. ಅಲ್ಲಿಂದ ಮುಂದೆ ಸುಮಾರು ಒಂದೂವರೆ ಕಿಲೋಮೀಟರ್‌ನಷ್ಟು ಭಾಗ ಮಾತ್ರ ಜನರ ವೀಕ್ಷಣೆಗೆ ತೆರೆದಿದೆ, ಉಳಿದದ್ದು ಕತ್ತಲಲ್ಲೇ ಇದೆ. ಮೇಘಾಲಯದ ಗುಹೆಗಳನ್ನು ಬಿಟ್ಟರೆ, ಬಯಲುಸೀಮೆಯ ಗುಹೆಗಳಲ್ಲಿ ದೇಶದಲ್ಲೇ ಉದ್ದನೆಯದೆಂದು ಹೆಸರಾದದ್ದು ಇದು.

ಈ ಗುಹೆಯನ್ನು 1884ರಲ್ಲಿ ದಾಖಲಿಸಿದವರು ಬ್ರಿಟಿಷ್ ಭೂವಿಜ್ಞಾನಿ ರಾಬರ್ಟ್ ಬ್ರೂಸ್ ಫುಟ್. ಬಳ್ಳಾರಿಯ ಸಂಗನಕಲ್ಲಿನ ಶಿಲಾಯುಗದ ನೆಲೆಯನ್ನು ಜಗತ್ತಿಗೆ ತಿಳಿಸಿದವರೂ ಅವರೇ ಆದ್ದರಿಂದ ಕರ್ನಾಟಕದ ಇತಿಹಾಸಾಸಕ್ತರಿಗೆ ಈ ಹೆಸರು ಹೊಸದೇನಲ್ಲ. ಆಮೇಲೆ ಸುಮಾರು ನೂರು ವರ್ಷ ಯಾರೂ ಇತ್ತ ಗಮನವಿಟ್ಟು ನೋಡಲಿಲ್ಲ. 1982 ಮತ್ತು 1983ರಲ್ಲಿ ಹರ್ಬರ್ಟ್ ಡೇನಿಯಲ್ ಗೆಬಾವರ್ ನೇತೃತ್ವದ ಜರ್ಮನ್ ಗುಹಾತಜ್ಞರ ತಂಡ ಬಂದು ಒಳಗೆಲ್ಲ ಅಳೆದು ನಕ್ಷೆ ಮಾಡಿತು. ಒಂದು ಅಂಕಣಕ್ಕೆ ಈಗ ಗೆಬಾವರ್ ಅವರ ಹೆಸರೇ ಇದೆ. ಅಷ್ಟಾದ ಮೇಲೂ 1988ರವರೆಗೆ ಸುತ್ತಮುತ್ತಲಿನ ಕಸವನ್ನು ಇದೇ ಕುಳಿಗಳಿಗೆ ಸುರಿಯಲಾಗುತ್ತಿತ್ತು. ಆಂಧ್ರಪ್ರದೇಶದ ಪ್ರವಾಸೋದ್ಯಮ ಅಭಿವೃದ್ಧಿ ನಿಗಮ 1999ರಲ್ಲಿ ಇದನ್ನು ವಹಿಸಿಕೊಂಡು, ಒಳಗೆ ತುಂಬಿದ್ದ ಮಣ್ಣು ತೆಗೆಸಿ, ದಾರಿ, ಮೆಟ್ಟಿಲು, ಸೇತುವೆ, ದೀಪ, ಗಾಳಿಕೊಳವೆಗಳನ್ನು ಮಾಡಿಸಿ, 2002ರಲ್ಲಿ ಜನರಿಗೆ ತೆರೆಯಿತು. ಇಂದು ಚಪ್ಪಲಿಯಲ್ಲೇ ಆರಾಮವಾಗಿ ನಡೆದುಹೋಗುವ ನೆಲ ಹಿಂದೆ ಆಳೆತ್ತರದ ಕೆಸರಿನಡಿ ಇದ್ದಿರಬಹುದೆಂಬ ಎಚ್ಚರ ಇದ್ದರೆ, ಈ ಕೆಲಸದ ಗಾತ್ರ ತಾನೇ ತಿಳಿಯುತ್ತದೆ.

ಒಳಗೆ ಕಾಲಿಟ್ಟವರಿಗೆ ಮೊದಲು ಆಗುವ ಆಶ್ಚರ್ಯ ಸೆಕೆ. ಗುಹೆಯೆಂದರೆ ತಂಪು ಎಂದು ನಂಬಿ ಬಂದವರು ಹತ್ತು ನಿಮಿಷದಲ್ಲಿ ಒದ್ದೆಯಾಗುತ್ತಾರೆ. ಇದು ವ್ಯವಸ್ಥೆಯ ಲೋಪವಲ್ಲ. ಹೊರಗಿನ ಗಾಳಿ ಅಷ್ಟಾಗಿ ಆಡದ ಆಳದ ಗುಹೆಗಳಲ್ಲಿ ಉಷ್ಣಾಂಶ ಆ ಪ್ರದೇಶದ ವರ್ಷದ ಸರಾಸರಿಯ ಹತ್ತಿರವೇ ನಿಲ್ಲುತ್ತದೆ. ಯುರೋಪಿನ ಗುಹೆಗಳಲ್ಲಿ ಬೇಸಿಗೆಯಲ್ಲೂ ಸ್ವೆಟರ್ ಹಾಕಿಕೊಳ್ಳಬೇಕಾಗುವುದು ಈ ನಿಯಮದಿಂದಲೇ, ರಾಯಲಸೀಮೆಯ ಗುಹೆಯಲ್ಲಿ ಚಳಿಗಾಲದಲ್ಲೂ ಬೆವರುವುದು ಇದೇ ನಿಯಮದಿಂದಲೇ. ಗಾಳಿಯಲ್ಲಿ ತೇವ ತುಂಬಿರುವುದರಿಂದ ಬೆವರು ಆರುವುದೂ ಇಲ್ಲ. ಮೇಲಿನಿಂದ ಕೊರೆದು ಇಳಿಸಿದ ಗಾಳಿಕೊಳವೆಗಳ ಕೆಳಗೆ ಜನ ಗುಂಪುಗೂಡುವುದನ್ನು ಕಾಣಬಹುದು. ಅಲ್ಲಿ ಎರಡು ನಿಮಿಷ ನಿಂತು ಮುಂದೆ ಹೋಗುವುದು ಜಾಣತನ. ಉಬ್ಬಸ ಇರುವವರು, ಇಕ್ಕಟ್ಟಿನಲ್ಲಿ ಗಾಬರಿಯಾಗುವವರು ಕೆಲವು ಕಡೆ ಬಗ್ಗಿ ಹೋಗಬೇಕಾದ ದಾರಿಗಳಿವೆ ಎಂಬುದನ್ನು ಗಮನಿಸಿಯೇ ನಿರ್ಧರಿಸಬೇಕು.

ಇನ್ನು ಗೋಡೆಗಳ ವಿಷಯ. ನನ್ನ ಮಟ್ಟಿಗೆ ಬೆಲುಂ ಇರುವುದು ಇಲ್ಲೇ. ನಮ್ಮ ಜೊತೆಗೆ ಬಂದಿದ್ದ ಚಿಕ್ಕಪ್ಪ ಮೂವತ್ತು ವರ್ಷ ಗಾರೆ ಕೆಲಸದ ಮೇಸ್ತ್ರಿಯಾಗಿದ್ದವರು; ಎಷ್ಟೋ ಮನೆಗಳಿಗೆ ಕಡಪ ಕಲ್ಲು ಹಾಸಿದ ಕೈ ಅವರದು. ಮಾರ್ಗದರ್ಶಿ ಚಾವಣಿಯ ಕಡೆ ಕೈ ತೋರಿಸುತ್ತಿದ್ದಾಗ ಅವರು ಮಾತ್ರ ಗೋಡೆಯ ಹತ್ತಿರ ಬಗ್ಗಿ, “ಪದರ ನೋಡಪ್ಪ, ಹಲಗೆ ಹಲಗೆಯಾಗಿ ಬರುತ್ತಲ್ಲ, ಅದೇ ಇದು” ಎಂದರು. ನೋಡಿದರೆ ಹೌದು. ನಡಿಗೆಯ ಉದ್ದಕ್ಕೂ ಗೋಡೆಯಲ್ಲಿ ಅಡ್ಡಗೆರೆಗಳು ಪುಸ್ತಕದ ಅಂಚಿನಂತೆ ಒಂದರ ಮೇಲೊಂದು ಸಾಗಿವೆ. 50 ಕೋಟಿ ವರ್ಷಗಳಿಗೂ ಹಿಂದೆ ಕಡಲ ತಳದಲ್ಲಿ ಕೂತ ಸುಣ್ಣದ ಕೆಸರಿನ ಪದರಗಳಿವು. ಚಪ್ಪಡಿಗಳಾಗಿ ಕಲ್ಲು ಸುಲಭವಾಗಿ ಸೀಳುವುದಕ್ಕೂ, ಈ ಗುಹೆಯ ಚಾವಣಿ ಹಲವೆಡೆ ಕಟ್ಟಡದ ಚಾವಣಿಯಷ್ಟೇ ಚಪ್ಪಟೆಯಾಗಿರುವುದಕ್ಕೂ ಕಾರಣ ಒಂದೇ, ಪದರಗಳು ಓರೆಯಾಗದೆ ಮಟ್ಟಸವಾಗಿ ಉಳಿದುಕೊಂಡಿರುವುದು.

ಆ ಪದರಗಳಲ್ಲಿ ಬಿರುಕು ಸಿಕ್ಕಲ್ಲೆಲ್ಲ ನೀರು ಇಳಿದಿದೆ. ಮಳೆನೀರು ಗಾಳಿಯಿಂದಲೂ, ಅದಕ್ಕಿಂತ ಹೆಚ್ಚಾಗಿ ಬೇರು ಮತ್ತು ಕೊಳೆತ ಎಲೆಗಳಿರುವ ಮಣ್ಣಿನಿಂದಲೂ ಇಂಗಾಲದ ಡೈ ಆಕ್ಸೈಡನ್ನು ಹೀರಿಕೊಂಡು ತೀರ ತೆಳುವಾದ ಆಮ್ಲವಾಗುತ್ತದೆ. ಸೋಡಾ ನೀರಿನ ಚುರುಕಿಗೆ ಕಾರಣವಾದದ್ದೂ ಇದೇ ಆಮ್ಲ. ಅದು ಬಿರುಕನ್ನು ಸವೆಸುತ್ತ ಸಂದಿಯಾಗಿಸಿ, ಸಂದಿಯನ್ನು ಕಾಲುವೆಯಾಗಿಸಿ, ಕೊನೆಗೆ ನೆಲದಡಿಯ ಹೊಳೆಯೊಂದಕ್ಕೆ ದಾರಿ ಮಾಡಿಕೊಡುತ್ತದೆ. ಹೊಳೆ ಹೋಗಿದೆ, ಅದರ ಹೊರಳಾಟ ಗೋಡೆಯಲ್ಲಿ ಉಳಿದಿದೆ: ಬೋಗುಣಿಯಂತಹ ಗುಳಿಗಳು, ಅಲೆಯಲೆಯಾದ ಉಬ್ಬುತಗ್ಗುಗಳು, ತಿರುವಿನ ಹೊರಮೈಯಲ್ಲಿ ಹೆಚ್ಚು ಕೊರೆದ ಸೊಂಟಗಳು. ಇಂತಹ ಚಿಪ್ಪಿನಾಕಾರದ ಗುಳಿಗಳು ಚಿಕ್ಕದಾಗಿ ಒತ್ತೊತ್ತಾಗಿದ್ದಷ್ಟೂ ಅಲ್ಲಿ ನೀರು ರಭಸವಾಗಿ ಹರಿದಿತ್ತೆಂದೂ, ದೊಡ್ಡದಾಗಿದ್ದರೆ ನಿಧಾನವಾಗಿತ್ತೆಂದೂ ಗುಹಾವಿಜ್ಞಾನಿಗಳು ಓದುತ್ತಾರೆ. ಇದೊಂದು ಸೂತ್ರ ಗೊತ್ತಿದ್ದರೆ ಸಾಕು, ಗೋಡೆಯ ಪ್ರತಿಯೊಂದು ತಿರುವಿನಲ್ಲೂ ನಿಲ್ಲಬೇಕೆನಿಸುತ್ತದೆ. ಗುಂಪಿನ ಹಿಂದಿನ ಸಾಲಿನಲ್ಲಿ ನಡೆಯಿರಿ ಎಂದು ನಾನು ಸಲಹೆ ಕೊಡುವುದು ಈ ಕಾರಣಕ್ಕೆ.

ಹನಿಗಲ್ಲುಗಳು ಹುಟ್ಟುವುದು ಇದೇ ಕಥೆಯ ತಿರುವುಮುರುವಿನಿಂದ. ಸುಣ್ಣವನ್ನು ಕರಗಿಸಿಕೊಂಡು ಬಂದ ನೀರು ಗುಹೆಯ ಚಾವಣಿಗೆ ಬಂದು ಹನಿಯಾಗಿ ನಿಂತಾಗ, ಒಳಗಿನ ಗಾಳಿಯಲ್ಲಿ ಇಂಗಾಲದ ಡೈ ಆಕ್ಸೈಡ್ ಮಣ್ಣಿನಲ್ಲಿದ್ದಷ್ಟು ದಟ್ಟವಾಗಿರುವುದಿಲ್ಲವಾದ್ದರಿಂದ, ಮುಚ್ಚಳ ತೆಗೆದ ಸೋಡಾದಂತೆ ಹನಿಯಿಂದ ಅನಿಲ ಹೊರಬೀಳುತ್ತದೆ. ಆಮ್ಲದ ಬಲ ಇಳಿದ ನೀರಿಗೆ ಅಷ್ಟು ಸುಣ್ಣವನ್ನು ಹೊತ್ತುಕೊಳ್ಳಲಾಗದೆ ಹನಿಯ ಅಂಚಿನಲ್ಲಿ ಕೂದಲೆಳೆಯಷ್ಟು ತೆಳುವಾದ ಉಂಗುರವನ್ನು ಬಿಟ್ಟು ಬೀಳುತ್ತದೆ. ಹಲವರು ತಿಳಿದಂತೆ ನೀರು ಆವಿಯಾಗಿ ಸುಣ್ಣ ಉಳಿಯುವುದು ಇಲ್ಲಿ ಮುಖ್ಯ ಕಾರಣವಲ್ಲ. ಬೆವರೇ ಆರದಷ್ಟು ತೇವವಿರುವ ಗಾಳಿಯಲ್ಲಿ ಹನಿ ಆರುವುದಾದರೂ ಹೇಗೆ? ಬೋರ್‌ವೆಲ್ ನೀರು ಕಾಯಿಸುವ ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಹಕ್ಕಳೆಯೂ ಇದೇ ಬಗೆಯದು. ಅಲ್ಲಿ ಅನಿಲವನ್ನು ಓಡಿಸುವುದು ಬೆಂಕಿ.

ಉಂಗುರದ ಮೇಲೆ ಉಂಗುರ ಕೂಡಿ ಮೊದಲು ಟೊಳ್ಳಾದ ಒಂದು ಕೊಳವೆಯಾಗುತ್ತದೆ, ಎಳನೀರಿಗೆ ಹಾಕುವ ಸ್ಟ್ರಾದಂತೆ. ಅದರ ಬಾಯಿ ಕಟ್ಟಿಕೊಂಡಾಗ ನೀರು ಹೊರಮೈಯಲ್ಲಿ ಇಳಿದು ಅದನ್ನು ದಪ್ಪಗಾಗಿಸುತ್ತದೆ; ಅದು ಶಾಲೆಯ ಭೂಗೋಳದಲ್ಲಿ ಓದಿದ ಸ್ಟ್ಯಾಲಕ್ಟೈಟ್. ಕೆಳಗೆ ಬಿದ್ದ ಹನಿ ಸಿಡಿದು ಉಳಿದ ಸುಣ್ಣವನ್ನೂ ಬಿಟ್ಟುಕೊಟ್ಟಲ್ಲಿ ನೆಲದಿಂದ ಮೊಂಡಾಗಿ ಏಳುವುದು ಸ್ಟ್ಯಾಲಗ್ಮೈಟ್. ಎರಡೂ ಕೂಡಿದರೆ ಕಂಬ. ಬೆಳವಣಿಗೆಯ ವೇಗ ಗುಹೆಯಿಂದ ಗುಹೆಗೆ ಬಹಳ ಬದಲಾಗುತ್ತದೆ, ಆದರೂ ವರ್ಷಕ್ಕೆ ಒಂದು ಮಿಲಿಮೀಟರಿನ ಹತ್ತನೇ ಒಂದು ಭಾಗ ಎಂಬುದನ್ನು ಅಳತೆಗೋಲಾಗಿ ಇಟ್ಟುಕೊಳ್ಳಬಹುದು. ಆ ಲೆಕ್ಕದಲ್ಲಿ, 1336ರಲ್ಲಿ ವಿಜಯನಗರ ಸ್ಥಾಪನೆಯಾದ ದಿನ ಮೊದಲ ಹನಿ ಬಿದ್ದಿದ್ದರೆ, ಹಕ್ಕಬುಕ್ಕರಿಂದ ಹಿಡಿದು ಇಂದಿನವರೆಗಿನ ಕಾಲವೆಲ್ಲ ಸೇರಿ ಬೆಳೆದಿರುವುದು ಒಂದು ಬೆರಳಿನುದ್ದ.

ಈ ಲೆಕ್ಕವನ್ನು ತಲೆಯಲ್ಲಿಟ್ಟುಕೊಂಡು ಕೋಟಿಲಿಂಗಾಲು ಎಂಬ ಅಂಕಣಕ್ಕೆ ಹೋಗಬೇಕು. ಚಾವಣಿಯಿಂದ ಸಾವಿರಾರು ಮೊಂಡು ಸ್ಟ್ಯಾಲಕ್ಟೈಟ್‌ಗಳು ಗುಂಪುಗುಂಪಾಗಿ ಇಳಿದು ಲಿಂಗಗಳ ಆಕಾರ ತಾಳಿವೆ, ಮತ್ತು ಮೇಲಿನದೂ ಕೆಳಗಿನದೂ ಕೂಡಿಕೊಂಡ ಭಾರಿ ಕಂಬವೊಂದು ಅಲ್ಲಿದೆ. ಕೆಳಗಿನಿಂದ ಏಳುವ ಕಲ್ಲಿಗೆ ಲಿಂಗವೆಂಬ ಹೆಸರು ಸಹಜ. ದಾಂಡೇಲಿಯ ಬಳಿಯ ಕವಳಾ ಗುಹೆಯಲ್ಲಿ ಪೂಜೆಗೊಳ್ಳುವುದು ಅಂತಹ ಸ್ಟ್ಯಾಲಗ್ಮೈಟೇ. ಇಲ್ಲಿ ಮಾತ್ರ ಲಿಂಗಗಳು ತಲೆಕೆಳಗಾಗಿವೆ, ಮತ್ತು ಯಾರೂ ಅದನ್ನು ಅಸಂಗತವೆಂದು ಎಣಿಸಿದಂತೆ ಕಾಣುವುದಿಲ್ಲ. ಆ ಕಂಬದ ಮುಂದೆ ನಿಂತು ನಾನು ಮಾಡಿದ್ದು ಕೂಡಿಕೆಯ ಜಾಗವನ್ನು ಹುಡುಕುವ ಕೆಲಸ. ಮೇಲಿನ ಕಲ್ಲು ತೆಳುವಾಗುತ್ತ ಬಂದು, ಕೆಳಗಿನದು ಅಗಲವಾಗಿ ಎದ್ದು, ಎರಡೂ ಸಂಧಿಸಿದ ಮೇಲೆ ನೀರು ಇಡೀ ಮೈಯ ಮೇಲೆ ಹರಿದು ಆ ಸೊಂಟವನ್ನು ತುಂಬಿಸಿಬಿಡುತ್ತದೆ.

ಊಡಲಮರ್ರಿ ಎಂಬುದು ಇನ್ನೊಂದು ಅಂಕಣ. ತೆಲುಗಿನಲ್ಲಿ ಊಡಲು ಎಂದರೆ ಬಿಳಲು, ಮರ್ರಿ ಎಂದರೆ ಆಲ. ನಡುವೆ ಒಂದು ಕಾಂಡ, ಸುತ್ತ ಚಾವಣಿಯಿಂದ ಇಳಿದ ಎಳೆಗಳು. ಹೆಸರು ನೂರಕ್ಕೆ ನೂರು ಒಪ್ಪುತ್ತದೆ. ಸಾವಿರ ಹೆಡೆಗಳು ಎಂಬಲ್ಲಿ ಚಾವಣಿಯೇ ಹೆಡೆ ಬಿಚ್ಚಿದ ನಾಗರಗಳ ಗುಂಪಿನಂತಿದೆ, ಸಿಂಹದ್ವಾರದಲ್ಲಿ ಕಮಾನಿನ ಅಂಚು ಸಿಂಹದ ತಲೆಯಂತಿದೆ, ಧ್ಯಾನಮಂದಿರದಲ್ಲಿ ದಿಂಬಿಟ್ಟ ಹಾಸಿಗೆಯಂತಹ ಜಗಲಿಯಿದೆ. ಹೆಸರುಗಳ ಬಗ್ಗೆ ನನಗೆ ತಕರಾರಿಲ್ಲ. ಕಂಡದ್ದಕ್ಕೆ ಹೆಸರಿಡುವುದು ನಮ್ಮ ಜನರ ನೋಡುವ ಬಗೆ, ಅದರಿಂದ ಮಕ್ಕಳ ಕಣ್ಣೂ ಚುರುಕಾಗುತ್ತದೆ. ಆದರೆ ಹೆಸರು ಸಿಕ್ಕ ಕೂಡಲೇ ನೋಟ ಮುಗಿದುಹೋಗುವ ಅಪಾಯವೂ ಇದೆ. ‘ಹಾಂ, ಹೆಡೆ’ ಎಂದ ಗುಂಪು ಮುಂದಿನ ಕ್ಷಣ ಮುಂದಿನ ಅಂಕಣದಲ್ಲಿರುತ್ತದೆ. ಆ ಹೆಡೆ ಯಾವ ಬಿರುಕಿನ ಗುಂಟ ಸಾಲಾಗಿ ಇಳಿದಿದೆ, ಅದರ ತುದಿಯಲ್ಲಿ ಈಗಲೂ ಹನಿ ನಿಂತಿದೆಯೋ ಒಣಗಿದೆಯೋ ಎಂದು ನೋಡಲು ಯಾರೂ ಉಳಿದಿರುವುದಿಲ್ಲ.

ಹನಿ ನಿಂತಿದೆಯೇ ಎಂಬ ಪ್ರಶ್ನೆ ಸಣ್ಣದಲ್ಲ. ತೇವವಿರುವ ಹನಿಗಲ್ಲು ಬೆಳೆಯುತ್ತಿರುವ ಹನಿಗಲ್ಲು. ಅದರ ಮೈ ಹೊಳೆಯುತ್ತದೆ. ಒಣಗಿದ್ದರ ಮೈ ಮಂಕು, ಕೆಲವೊಮ್ಮೆ ಹುಡಿಹುಡಿ. ನಾನು ಕಂಡವುಗಳಲ್ಲಿ ಹೆಚ್ಚಿನವು ಒಣಗಿದವೇ. ಈ ಸೀಮೆಯಲ್ಲಿ ಮಳೆ ಕಡಿಮೆ, ಸುಣ್ಣಕಲ್ಲಿನ ಮೇಲಿನ ಮಣ್ಣೂ ತೆಳು, ದಟ್ಟ ಕಾಡಿಲ್ಲ. ಹನಿಗಲ್ಲಿಗೆ ಬೇಕಾದ ನೀರೂ ಅನಿಲವೂ ಎರಡೂ ಇಲ್ಲಿ ಅಗ್ಗವಲ್ಲ. ದಾರಿಗಳನ್ನು ಕೊರೆದ ಹೊಳೆಯ ವೈಭವಕ್ಕೂ ಆಮೇಲೆ ಕೂಡಿಬಂದ ಹನಿಗಲ್ಲುಗಳ ಮಿತಿಗೂ ನಡುವಿನ ಅಂತರವನ್ನು ನಾನು ಹೀಗೆ ಅರ್ಥಮಾಡಿಕೊಂಡೆ. ವಿಶಾಖಪಟ್ಟಣದಾಚೆಯ ಅನಂತಗಿರಿ ಬೆಟ್ಟಗಳಲ್ಲಿರುವ ಬೊರ್ರಾ ಗುಹೆಗಳಲ್ಲಿ ಇದಕ್ಕೆ ಬೇರೆಯದೇ ಸ್ಥಿತಿ: ಸಮುದ್ರಮಟ್ಟದಿಂದ ಸುಮಾರು 700 ಮೀಟರ್ ಎತ್ತರ, ಕಾಡು, ಹೆಚ್ಚು ಮಳೆ, ಕೆಳಗೆ ಗೋಸ್ತನಿ ನದಿ, ಒಳಗೆ ದೊಡ್ಡ ದೊಡ್ಡ ತೇವದ ಹನಿಗಲ್ಲುಗಳು. ಹನಿಗಲ್ಲಿಗಾಗಿಯೇ ಪ್ರಯಾಣ ಮಾಡುವವರು ಬೊರ್ರಾಗೆ ಹೋಗಬೇಕು. ಗುಹೆಯೊಳಗೆ ಗುಹೆಯಂತೆ ನಡೆಯಬೇಕೆನ್ನುವವರಿಗೆ ಬೆಲುಂ.

ದೀಪಗಳ ವಿಷಯದಲ್ಲಿ ನನ್ನದೊಂದು ಅಭಿರುಚಿಯ ಭಿನ್ನಾಭಿಪ್ರಾಯವಿದೆ. ಒಳಗಿನ ಬೆಳಕು ಬಹುಪಾಲು ಹೊಂಬಣ್ಣದ್ದು. ಫೋಟೊಗಳಲ್ಲಿ ಅದು ಬಹಳ ಸೊಗಸಾಗಿ ಬರುತ್ತದೆ, ಸುರಂಗದ ತಿರುವುಗಳಿಗೆ ಒಂದು ಬಗೆಯ ಆಳವನ್ನೂ ಕೊಡುತ್ತದೆ. ಆದರೆ ಬಂಗಾರದ ಬೆಳಕಿನಲ್ಲಿ ಎಲ್ಲ ಕಲ್ಲೂ ಬಂಗಾರದ್ದೇ ಆಗಿಬಿಡುವುದರಿಂದ, ಮೂಲದ ಕರಿಯ ಸುಣ್ಣಕಲ್ಲು ಯಾವುದು, ಅದರ ಮೇಲೆ ಆಮೇಲೆ ಕೂತ ಹನಿಗಲ್ಲು ಯಾವುದು ಎಂಬ ವ್ಯತ್ಯಾಸ ಅಳಿಸಿಹೋಗುತ್ತದೆ. ಒಂದು ತಿರುವಿನಲ್ಲಿ ನಾನು ಮೊಬೈಲಿನ ಬಿಳಿ ಟಾರ್ಚ್ ಹಿಡಿದಾಗ ಗೋಡೆ ತಟ್ಟನೆ ಬೂದುಗಪ್ಪಿಗೆ ತಿರುಗಿತು, ಮತ್ತು ಬಿರುಕಿನ ಗುಂಟ ಇಳಿದಿದ್ದ ಮಸುಕು ಬಿಳಿಯ ಪಟ್ಟೆಯೊಂದು ಎದ್ದು ಕಂಡಿತು. ಚಿಕ್ಕಪ್ಪನವರು ಈ ಸಲ ಮಾತಾಡಲಿಲ್ಲ, ತಮ್ಮ ಫೋನನ್ನೂ ಹೊರತೆಗೆದರು. ಆಮೇಲಿನ ಅರ್ಧ ನಡಿಗೆಯನ್ನು ನಾವು ಹೀಗೆಯೇ ಮಾಡಿದೆವು. ಅಲ್ಲಿಗೆ ಹೋಗುವ ಯಾರಿಗೇ ಆದರೂ ನಾನು ಹೇಳುವ ಮೊದಲ ಮಾತು ಇದೇ: ಬಿಳಿ ಬೆಳಕಿನ ಒಂದು ಟಾರ್ಚ್ ಕಿಸೆಯಲ್ಲಿರಲಿ.

ಬಣ್ಣಕ್ಕಿಂತ ಗಂಭೀರವಾದದ್ದು ಬೆಳಕಿನ ಇನ್ನೊಂದು ಪರಿಣಾಮ. ತೇವವಿರುವ ಗುಹೆಯಲ್ಲಿ ದೀಪ ಸದಾ ಉರಿಯುತ್ತಿದ್ದರೆ ಅದರ ಸುತ್ತ ಪಾಚಿ, ಹಾವಸೆ ಬೆಳೆದು ಕಲ್ಲಿನ ಮೈಯನ್ನು ಕೆಡಿಸುತ್ತವೆ. ಪ್ರಪಂಚದ ಪ್ರವಾಸಿ ಗುಹೆಗಳೆಲ್ಲ ಎದುರಿಸುವ ಸಮಸ್ಯೆ ಇದು. ಫ್ರಾನ್ಸಿನ ಲಾಸ್ಕೊ ಗುಹೆಯ ಪ್ರಾಗೈತಿಹಾಸಿಕ ಚಿತ್ರಗಳು ದೀಪ ಮತ್ತು ಪ್ರವಾಸಿಗಳ ಉಸಿರಿನಿಂದ ಹಾಳಾಗತೊಡಗಿದಾಗ, 1963ರಲ್ಲಿ ಆ ಗುಹೆಯನ್ನೇ ಸಾರ್ವಜನಿಕರಿಗೆ ಮುಚ್ಚಬೇಕಾಯಿತು. ಜನ ಬಂದಾಗ ಮಾತ್ರ ಹೊತ್ತಿ, ಹೋದ ಮೇಲೆ ಆರುವ ದೀಪಗಳು ಇಂತಹ ಯಾವುದೇ ಗುಹೆಗೂ ಒಳ್ಳೆಯದು. ಒಂದು ಅಂಕಣದಲ್ಲಾದರೂ ಅರ್ಧ ನಿಮಿಷ ಎಲ್ಲ ದೀಪಗಳನ್ನೂ ಆರಿಸಿ ಗುಹೆಯ ನಿಜವಾದ ಕತ್ತಲೆಯನ್ನು ತೋರಿಸುವ ಪದ್ಧತಿಯಿದ್ದರೆ ಇನ್ನೂ ಚೆನ್ನ.

ಸಪ್ತಸ್ವರಾಲ ಗುಹ ಎಂಬ ಅಂಕಣವನ್ನು 2006ರಲ್ಲಿ ತೆರೆಯಲಾಯಿತು. ಇಲ್ಲಿನ ಹನಿಗಲ್ಲುಗಳನ್ನು ಮರದ ಕೋಲಿನಿಂದಲೋ ಬೆರಳಗೆಣ್ಣಿನಿಂದಲೋ ತಟ್ಟಿದರೆ ಲೋಹದಂತಹ ನಾದ ಬರುತ್ತದೆ; ಒಂದು ತುದಿ ಮಾತ್ರ ಹಿಡಿದಿರುವ ಉದ್ದನೆಯ ತೆಳುಗಲ್ಲು ಕಂಪಿಸಿ ಹೊರಡಿಸುವ ನಾದ ಅದು. ಕೇಳಲು ಹಿತವಾಗಿದೆಯೆಂಬುದನ್ನು ಅಲ್ಲಗಳೆಯಲಾರೆ. ಆದರೂ ಹಂಪಿಯ ವಿಜಯವಿಠ್ಠಲ ದೇವಾಲಯದ ಸಂಗೀತದ ಕಂಬಗಳು ನೆನಪಾದವು. ಗ್ರಾನೈಟಿನ ಕಂಬಗಳನ್ನೇ ತಟ್ಟಿ ತಟ್ಟಿ ಸವೆಸುತ್ತಾರೆಂದು ಅಲ್ಲಿ ಕೈ ಹಚ್ಚಲು ಬಿಡುವುದಿಲ್ಲ. ಸುಣ್ಣದ ಹನಿಗಲ್ಲು ಗ್ರಾನೈಟಿಗಿಂತ ಎಷ್ಟೋ ಮೆದು. ಆ ನಾದವನ್ನು ಒಮ್ಮೆ ಚೆನ್ನಾಗಿ ಮುದ್ರಿಸಿಕೊಂಡು ಕೇಳಿಸಿದರೆ ಕೇಳುಗರಿಗೆ ನಷ್ಟವೇನೂ ಆಗದು. ಮುಟ್ಟುವುದೂ ನಿರಪಾಯವಲ್ಲ: ಬೆರಳಿನ ಎಣ್ಣೆಜಿಡ್ಡು ಕಲ್ಲಿನ ಮೈಗೆ ಹತ್ತಿದರೆ ನೀರು ಅಲ್ಲಿ ಹರಡದೆ ಜಾರುತ್ತದೆ, ಹೊಸ ಪದರ ಕೂಡುವುದು ನಿಲ್ಲುತ್ತದೆ, ಬಹಳ ಜನ ಮುಟ್ಟಿದ ಕಲ್ಲು ಕಪ್ಪಾಗಿ ಜಿಡ್ಡುಗಟ್ಟುತ್ತದೆ.

ಬೇರೊಂದು ರಾಜ್ಯದ ಗುಹೆಯಲ್ಲಿ, ಹೆಸರು ಬೇಡ, ಮಧ್ಯವಯಸ್ಕರೊಬ್ಬರು ಸ್ಟ್ರಾದಂತಹ ಎಳೆಯ ಸ್ಟ್ಯಾಲಕ್ಟೈಟೊಂದನ್ನು ಪೆನ್ಸಿಲ್ ಮುರಿದಷ್ಟು ಸುಲಭವಾಗಿ ಮುರಿದು ಮಗನ ಕೈಗೆ ಕೊಟ್ಟದ್ದನ್ನು ನಾನು ಕಂಡಿದ್ದೇನೆ. ನಾನಾಗಲಿ ಜೊತೆಗಿದ್ದವರಾಗಲಿ ಏನೂ ಹೇಳಲಿಲ್ಲ, ಅದು ಇವತ್ತಿಗೂ ಕೊರೆಯುತ್ತದೆ. ಅದರ ಬೆಲೆ ಏನೆಂದು ತಿಳಿಯಬೇಕಾದರೆ ಮೇಘಾಲಯದ ಮಾಮ್ಲುಹ್ ಗುಹೆಯ ಉದಾಹರಣೆಯಿದೆ. ಅಲ್ಲಿನ ಒಂದು ಸ್ಟ್ಯಾಲಗ್ಮೈಟಿನ ಪದರಗಳಲ್ಲಿ ಸುಮಾರು 4,200 ವರ್ಷಗಳ ಹಿಂದೆ ಮುಂಗಾರು ಸೊರಗಿದ ಗುರುತು ಉಳಿದಿತ್ತು. ಅದನ್ನೇ ಆಧಾರವಾಗಿಟ್ಟುಕೊಂಡು 2018ರಲ್ಲಿ ಭೂಮಿಯ ಇತಿಹಾಸದ ಈಗಿನ ಕಾಲಘಟ್ಟಕ್ಕೆ ಮೇಘಾಲಯನ್ ಯುಗ ಎಂಬ ಹೆಸರನ್ನು ಅಂತರರಾಷ್ಟ್ರೀಯವಾಗಿ ಅಂಗೀಕರಿಸಲಾಯಿತು. ಪ್ರತಿ ಪದರವೂ ತಾನು ಕೂತ ಕಾಲದ ಮಳೆಯ ಲೆಕ್ಕ, ಮತ್ತು ಅದರ ವಯಸ್ಸನ್ನು ಯುರೇನಿಯಂ ಹಾಗೂ ಥೋರಿಯಂ ಪ್ರಮಾಣಗಳಿಂದ ಕಂಡುಹಿಡಿಯಬಹುದು. ಮುರಿದು ಮನೆಯ ಷೋಕೇಸಿಗೆ ತಂದಿಟ್ಟ ತುಂಡಿನಲ್ಲಿ ಆ ಲೆಕ್ಕವನ್ನು ಓದುವವರಿಲ್ಲ.

ದಾರಿಯ ಕೊನೆಯಲ್ಲಿ ಪಾತಾಳಗಂಗೆಯಿದೆ. ಪ್ರವೇಶದ ಮಟ್ಟದಿಂದ 46 ಮೀಟರ್ ಕೆಳಗಿರುವ ಇದು ಈ ಗುಹೆಯ ಅತ್ಯಂತ ಆಳದ ಸ್ಥಳ. ಚಿಕ್ಕ ತೊರೆಯೊಂದು ಕಾಣಿಸಿಕೊಂಡು ಮತ್ತೆ ನೆಲದೊಳಗೆ ಮರೆಯಾಗುತ್ತದೆ. ಅದು ಬೆಲುಂ ಊರಿನ ಬಾವಿಯೊಂದಕ್ಕೆ ಹೋಗಿ ಸೇರುತ್ತದೆಂದು ಸ್ಥಳೀಯರು ನಂಬುತ್ತಾರೆ. ಹೆಸರು ಕೇಳಿ ಧುಮ್ಮಿಕ್ಕುವ ನೀರನ್ನು ಊಹಿಸಿಕೊಂಡವರಿಗೆ ಇಲ್ಲಿ ಕಾಣುವುದು ಬಹಳ ಸಣ್ಣದು. ನನಗೆ ಮಾತ್ರ ಇಡೀ ನಡಿಗೆಯಲ್ಲಿ ಇದೇ ಹೆಚ್ಚು ಹಿಡಿಸಿತು, ಏಕೆಂದರೆ ಅಲ್ಲಿಯವರೆಗೆ ಗೋಡೆಗಳಲ್ಲಿ ಗುರುತಾಗಿ ಮಾತ್ರ ಕಂಡಿದ್ದ ನೀರು ಇಲ್ಲಿ ಇನ್ನೂ ಕೆಲಸದಲ್ಲಿದೆ.

ಪ್ರಯಾಣದ ವಿವರಗಳಲ್ಲಿ ಹೆಚ್ಚು ಹೇಳುವಂಥದ್ದಿಲ್ಲ. ಬೆಂಗಳೂರಿನಿಂದ ಅನಂತಪುರ, ತಾಡಪತ್ರಿ ಮಾರ್ಗವಾಗಿ ಹೋದರೆ ಸುಮಾರು 270 ಕಿಲೋಮೀಟರ್. ಹೋಗಿಬರುವುದನ್ನು ಒಂದೇ ದಿನದಲ್ಲಿ ಮುಗಿಸಬಹುದಾದರೂ ಆಯಾಸವಾಗುತ್ತದೆ. ತಾಡಪತ್ರಿಯಲ್ಲಿ ವಿಜಯನಗರ ಕಾಲದ ಬುಗ್ಗ ರಾಮಲಿಂಗೇಶ್ವರ ಮತ್ತು ಚಿಂತಲ ವೆಂಕಟರಮಣ ದೇವಾಲಯಗಳಿವೆ, ಅವುಗಳಿಗೆ ಎರಡು ಗಂಟೆ ಮೀಸಲಿಟ್ಟರೆ ಪಶ್ಚಾತ್ತಾಪವಾಗದು. ಹತ್ತಿ ಬಟ್ಟೆ, ಜಾರದ ಅಟ್ಟೆಯ ಪಾದರಕ್ಷೆ, ಕುಡಿಯುವ ನೀರು ಇರಲಿ. ವಯಸ್ಸಾದವರು ಮೊದಲ ಕೆಲವು ಅಂಕಣಗಳನ್ನು ನೋಡಿ ಹಿಂತಿರುಗಿದರೂ ಗುಹೆಯ ಸ್ವರೂಪ ತಿಳಿಯುತ್ತದೆ. ರಜಾದಿನಗಳಲ್ಲಿ ಮಕ್ಕಳ ಕೂಗಾಟ ಸುರಂಗದ ತುಂಬ ಮಾರ್ದನಿಗೊಳ್ಳುವುದರಿಂದ, ಸಾಧ್ಯವಾದರೆ ವಾರದ ನಡುವಿನ ದಿನ, ಬೆಳಗಿನ ಮೊದಲ ಗುಂಪಿನಲ್ಲಿ ಒಳಹೋಗುವುದು ಮೇಲು.

ನಾನು ಮತ್ತೊಮ್ಮೆ ಹೋಗುವುದಾದರೆ ಮಳೆಗಾಲ ಮುಗಿದ ಕೂಡಲೇ ಹೋಗುತ್ತೇನೆ. ಕೋಟಿಲಿಂಗಾಲು ಅಂಕಣದಲ್ಲಿ ಒಣಗಿ ನಿಂತಂತೆ ಕಂಡ ತುದಿಗಳಲ್ಲಿ ಎಷ್ಟಕ್ಕೆ ಹನಿ ಮರಳಿ ಬಂದಿದೆ ಎಂದು ಟಾರ್ಚ್ ಹಿಡಿದು ಎಣಿಸುವುದು ಬಾಕಿಯಿದೆ. ಚಿಕ್ಕಪ್ಪನವರು ಆಗಲೇ ಬರುತ್ತೇನೆಂದು ಹೇಳಿಯಾಗಿದೆ.